ಫೋನಿಗೊಂದು ಕೆಲಸ: ಓದುಗರ ಪ್ರಶ್ನೆ, ನಮ್ಮ ಉತ್ತರ

ಫೋನನ್ನು ಸುಮ್ಮನೆ ಉಜ್ಜುತ್ತ ಕೂರುವುದು ಬಿಟ್ಟು ಅದರಿಂದ ಏನಾದರೂ ಮಾಡಲು ಹೊರಟಿದ್ದೀರಾ, ಎಲ್ಲಿ ಸಿಕ್ಕಿಬಿದ್ದಿದ್ದೀರಿ ಎಂದು ಕಳೆದ ಸಂಚಿಕೆಯಲ್ಲಿ ಕೇಳಿದ್ದೆವು. ಕರಾವಳಿಯಿಂದಲೂ ಘಟ್ಟದ ಮೇಲಿನಿಂದಲೂ ಪತ್ರಗಳು ಬಂದಿವೆ. ಅವುಗಳಲ್ಲಿ ಎರಡು ಜಾತಿ. ಒಂದು, ‘ಬಿಡಲಿಕ್ಕೆ ಆಗುತ್ತಿಲ್ಲ’ ಎನ್ನುವವು. ಇನ್ನೊಂದು, ‘ಮಾಡಲಿಕ್ಕೆ ಹೋಗಿದ್ದು ಕೆಟ್ಟುಹೋಯಿತು’ ಎನ್ನುವವು. ಎರಡನೆಯದಕ್ಕೇ ಹೆಚ್ಚು ಜಾಗ ಕೊಟ್ಟಿದ್ದೇವೆ. ಮೊದಲನೆಯದರ ಮದ್ದು ಬಹುಪಾಲು ಅಲ್ಲೇ ಇದೆ ಎಂಬುದು ನಮ್ಮ ಅಂದಾಜು.

ಪ್ರಶ್ನೆ: ರೀಲ್ಸ್ ಆ್ಯಪ್ ಅನ್ನು ಮೂರು ಸಲ ತೆಗೆದುಹಾಕಿದೆ, ಮೂರು ಸಲವೂ ವಾರದೊಳಗೆ ಮತ್ತೆ ಹಾಕಿಕೊಂಡೆ. ರಾತ್ರಿ ಹತ್ತಕ್ಕೆ ಮಲಗಿದವಳು ಹನ್ನೆರಡಕ್ಕೆ ಫೋನು ಕೆಳಗಿಡುತ್ತೇನೆ. ಮನಸ್ಸು ಗಟ್ಟಿ ಮಾಡಿಕೊಳ್ಳುವುದು ಹೇಗೆ? (ಶಿಕ್ಷಕಿ, ಶಿರಸಿ)

ಮನಸ್ಸಿನ ಗಟ್ಟಿತನದ ಮಾತು ಸದ್ಯ ಬದಿಗಿಡಿ. ಓಸಿ (ಮಟ್ಕಾ ಜೂಜು) ಆಡುವವರನ್ನು ನೀವು ನೋಡಿರಬಹುದು. ದಿನಾ ದುಡ್ಡು ಬರುವುದಾಗಿದ್ದರೆ ಅದು ಸಂಬಳವಾಗುತ್ತಿತ್ತು, ಯಾವತ್ತೂ ಬಾರದಿದ್ದರೆ ಯಾರೂ ಆಡುತ್ತಿರಲಿಲ್ಲ. ಯಾವಾಗ ಬರುತ್ತದೆಂದು ಗೊತ್ತಿಲ್ಲದಿರುವುದರಿಂದಲೇ ಬಿಡಲಾಗುವುದಿಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞ ಬಿ.ಎಫ್. ಸ್ಕಿನ್ನರ್ ಪಾರಿವಾಳಗಳನ್ನಿಟ್ಟುಕೊಂಡು ತೋರಿಸಿದ್ದೂ ಇದನ್ನೇ: ಕುಕ್ಕಿದಾಗಲೆಲ್ಲ ಕಾಳು ಸಿಗುವ ಹಕ್ಕಿ, ಕಾಳು ನಿಂತ ಮೇಲೆ ಬೇಗ ಸುಮ್ಮನಾಗುತ್ತದೆ. ಎಷ್ಟೋ ಸಲಕ್ಕೊಮ್ಮೆ ಮಾತ್ರ ಸಿಗುವ ಹಕ್ಕಿ ಕುಕ್ಕುತ್ತಲೇ ಇರುತ್ತದೆ. ಹತ್ತು ರೀಲಿನಲ್ಲಿ ಒಂದು ಚೆನ್ನಾಗಿರುವುದೇ ಸಾಕು. ಇದಕ್ಕೆ 2006ರಲ್ಲಿ ಅಮೆರಿಕದ ವಿನ್ಯಾಸಕಾರ ಅಜಾ ರಾಸ್ಕಿನ್ ರೂಪಿಸಿದ ತಳವಿಲ್ಲದ ಪುಟ, ಅಂದರೆ ಇನ್ಫಿನಿಟ್ ಸ್ಕ್ರೋಲ್, ಸೇರಿಕೊಂಡಿತು. ದಿನಪತ್ರಿಕೆಗೆ ಕೊನೆಯ ಪುಟವಿದೆ, ಯಕ್ಷಗಾನದ ಆಟಕ್ಕೆ ಮಂಗಳವಿದೆ, ಇದಕ್ಕೆ ಯಾವುದೂ ಇಲ್ಲ. ಆದ್ದರಿಂದ ಫೋನಿನಲ್ಲಿ ಹುಡುಕಬೇಕಾದ್ದು ಮುಗಿಯುವ ಕೆಲಸ.

ಮೊದಲು ಲೆಕ್ಕ. ಆಂಡ್ರಾಯ್ಡ್‌ನಲ್ಲಿ ಸೆಟ್ಟಿಂಗ್ಸ್ ತೆರೆದು ‘ಡಿಜಿಟಲ್ ವೆಲ್‌ಬೀಯಿಂಗ್’ ನೋಡಿ, ಐಫೋನಿನಲ್ಲಿ ‘ಸ್ಕ್ರೀನ್ ಟೈಮ್’. ಎಲ್ಲರೂ ಗಂಟೆಯ ಲೆಕ್ಕ ನೋಡಿ ಹೆದರುತ್ತಾರೆ. ನೀವು ಎಷ್ಟು ಸಲ ಅನ್‌ಲಾಕ್ ಆಯಿತು ಎಂಬುದನ್ನು ನೋಡಿ. ಮೂರು ಗಂಟೆಯನ್ನು ಇಪ್ಪತ್ತು ಸಲದಲ್ಲಿ ಕಳೆದವರು ಏನನ್ನೋ ನೋಡುತ್ತಿದ್ದರು, ನೂರೈವತ್ತು ಸಲದಲ್ಲಿ ಕಳೆದವರ ಕೈ ತಾನಾಗಿ ಹೋಗುತ್ತಿತ್ತು. ಐಫೋನು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಕೈಗೆತ್ತಿಕೊಂಡ ಕೂಡಲೇ ಮೊದಲು ತೆರೆದ ಆ್ಯಪ್ ಯಾವುದೆಂದೂ ತೋರಿಸುತ್ತದೆ. ಆ ಮೊದಲ ಆ್ಯಪೇ ನಿಮ್ಮ ಬಾಗಿಲು. ಮುಚ್ಚಬೇಕಾದ್ದು ಅದು. ಬರೀ ರೀಲ್ಸ್ ತೆಗೆದರೆ ಕೈ ವಾಟ್ಸ್ಆ್ಯಪ್ ಸ್ಟೇಟಸ್‌ಗೋ ಕ್ರಿಕೆಟ್ ಸ್ಕೋರಿಗೋ ಹೋಗುತ್ತದೆ, ನಾಲ್ಕು ದಿನ ಬಿಟ್ಟು ಹಳೆಯ ಮನೆಗೇ ಮರಳುತ್ತದೆ. ಮೂರು ಸಲವೂ ನಿಮಗೆ ಆಗಿದ್ದು ಇದೇ ಇರಬೇಕು.

ಇನ್ನು ಕೆಲಸ. ಆ್ಯಪ್ ತೆಗೆಯಬೇಡಿ, ಲಾಗೌಟ್ ಮಾಡಿ. ಪಾಸ್‌ವರ್ಡನ್ನು ಫೋನಿನಲ್ಲಿ ಉಳಿಸದೆ ಕಾಗದದಲ್ಲಿ ಬರೆದು ಗೋಡ್ರೇಜಿನಲ್ಲಿಡಿ. ರಾತ್ರಿ ಹನ್ನೊಂದಕ್ಕೆ ಎದ್ದುಹೋಗಿ ಕಪಾಟು ತೆರೆಯುವ ಆಲಸ್ಯ ನಿಮ್ಮ ಪರವಾಗಿ ಕೆಲಸ ಮಾಡುತ್ತದೆ. ಬಂದ ನೋಟಿಫಿಕೇಶನ್ ಮೇಲೆ ಬೆರಳು ಒತ್ತಿಹಿಡಿದರೆ ಅಲ್ಲೇ ಅದನ್ನು ಶಾಶ್ವತವಾಗಿ ನಿಲ್ಲಿಸುವ ಆಯ್ಕೆ ಬರುತ್ತದೆ. ಒಂದು ವಾರ ಬಂದಿದ್ದಕ್ಕೆಲ್ಲ ಹೀಗೆ ಮಾಡಿದರೆ ಕರೆ, ಮನೆಯವರ ಸಂದೇಶ, ಬ್ಯಾಂಕು ಇಷ್ಟೇ ಉಳಿಯುತ್ತವೆ. ಮುಖಪರದೆಯ ಕೆಳಸಾಲಿನಲ್ಲಿ ಕ್ಯಾಮೆರಾ, ರೆಕಾರ್ಡರ್, ಟಿಪ್ಪಣಿ ಪುಸ್ತಕ ಮಾತ್ರ ಇರಲಿ. ಪರದೆಯನ್ನು ಕಪ್ಪುಬಿಳುಪು ಮಾಡುವ ‘ಗ್ರೇಸ್ಕೇಲ್’ ಸಲಹೆಯನ್ನು ನೀವು ಕೇಳಿರುತ್ತೀರಿ. ಅದು ಕೆಲಸಕ್ಕೆ ಬರುತ್ತದೆ, ಆದರೆ ಹಗಲಿಡೀ ಇಟ್ಟರೆ ಮಳೆಗಾಲದ ಹಸಿರನ್ನು ಫೋಟೊ ತೆಗೆದು ಬಣ್ಣ ತಿದ್ದಲಾಗದೆ ಸಿಟ್ಟಿನಿಂದ ಪೂರ್ತಿ ಆರಿಸಿಬಿಡುತ್ತೀರಿ. ‘ಬೆಡ್‌ಟೈಮ್ ಮೋಡ್’ನಲ್ಲಿ ರಾತ್ರಿ 9.30ರಿಂದ ಬೆಳಗಿನ 6ರವರೆಗೆ ಮಾತ್ರ ಹೊಂದಿಸಿ. ಆ್ಯಪ್ ಟೈಮರ್ ಬಗ್ಗೆ ನಮಗೆ ಹೆಚ್ಚು ನಂಬಿಕೆಯಿಲ್ಲ, ಹಾಕಿದವರೇ ಎರಡು ಒತ್ತಿನಲ್ಲಿ ತೆಗೆಯಬಹುದು. ಐಫೋನಿನ ಸ್ಕ್ರೀನ್ ಟೈಮ್‌ಗೆ ಪ್ರತ್ಯೇಕ ಪಾಸ್‌ಕೋಡ್ ಇದೆ, ಅದನ್ನು ಮನೆಯಲ್ಲಿ ಬೇರೆಯವರು ಹಾಕಿ ನಿಮಗೆ ಹೇಳದಿದ್ದರೆ ಮಾತ್ರ ಅದಕ್ಕೆ ಬೆಲೆ.

ಚಾರ್ಜರ್ ಜಗುಲಿಗೆ ಹೋಗಲಿ. ಅಲಾರಂ ಬೇಕಲ್ಲ ಎಂದರೆ ಕೀ ಕೊಡುವ ಗಡಿಯಾರ ಈಗಲೂ ಪೇಟೆಯಲ್ಲಿ ಸಿಗುತ್ತದೆ.

ಇಷ್ಟೆಲ್ಲ ಆದಮೇಲೂ ಹತ್ತರಿಂದ ಹನ್ನೆರಡರ ಆ ಹೊತ್ತು ಖಾಲಿಯಿದ್ದರೆ ಕೈ ಮತ್ತೆ ಹುಡುಕುತ್ತದೆ. ಮುಂದಿನ ಉತ್ತರಗಳಲ್ಲಿ ಯಾವುದಾದರೂ ಒಂದನ್ನು ಆರಿಸಿ, ಒಂದನ್ನೇ. ಅದರ ಹೆಸರನ್ನು ಚೀಟಿಯಲ್ಲಿ ಬರೆದು ಫೋನಿನ ಬೆನ್ನಿಗೆ ಅಂಟಿಸಿ.

ಪ್ರಶ್ನೆ: ನಮ್ಮೂರ ತಾಳಮದ್ದಳೆ, ಆಟಗಳ ಧ್ವನಿಯನ್ನು ಕೂಡಿಡಬೇಕೆಂದಿದ್ದೇನೆ. ಚಂಡೆ ಬಿದ್ದಾಗ ಒಡೆದ ಸದ್ದು, ಆಮೇಲೆ ಭಾಗವತರ ಪದ ಎಲ್ಲೋ ದೂರದಿಂದ ಬಂದಂತೆ. ಫೋನಿನ ಮೈಕ್ ಕೆಟ್ಟಿದೆಯೇ? (ವಿದ್ಯಾರ್ಥಿ, ಹೊನ್ನಾವರ)

ಮೈಕ್ ಕೆಟ್ಟಿಲ್ಲ. ಫೋನಿನ ಮೈಕನ್ನು ಮಾಡಿರುವುದು ಮಾತಿಗಾಗಿ. ಸದ್ದು ಜೋರಾದ ಕೂಡಲೇ ಅದು ತಾನಾಗಿಯೇ ಮಟ್ಟವನ್ನು ತಗ್ಗಿಸುತ್ತದೆ, ಮತ್ತೆ ಏರಿಸಲು ಒಂದೆರಡು ಕ್ಷಣ ಬೇಕು. ಚಂಡೆಯ ಪೆಟ್ಟಿಗೆ ತಗ್ಗಿದ ಮಟ್ಟದಲ್ಲೇ ಪದ ದಾಖಲಾಗುವುದರಿಂದ ‘ದೂರದಿಂದ ಬಂದಂತೆ’ ಕೇಳುತ್ತದೆ. ಇನ್ನೊಂದು ನಷ್ಟ ನಿಮ್ಮ ಗಮನಕ್ಕೆ ಬಂದಿರಲಿಕ್ಕಿಲ್ಲ: ಶ್ರುತಿ. ಒಂದೇ ಸಮನೆ ಬರುವ ಸದ್ದನ್ನು ಫ್ಯಾನಿನ ಗುಂಯ್‌ಗುಡುವಿಕೆ ಎಂದು ತಿಳಿದು ಫೋನು ಒರೆಸಿಹಾಕುತ್ತದೆ. ಹಾರ್ಮೋನಿಯಂ ಶ್ರುತಿಪೆಟ್ಟಿಗೆಗೂ ಅದೇ ಗತಿ. ಹೀಗೆ ಶ್ರುತಿಯಿಲ್ಲದ ಪದ ಉಳಿಯುತ್ತದೆ.

ರೆಕಾರ್ಡರ್ ಆ್ಯಪ್‌ನ ಸೆಟ್ಟಿಂಗ್ಸ್‌ನಲ್ಲಿ ನಾಯ್ಸ್ ರಿಡಕ್ಷನ್ (ಹಿನ್ನೆಲೆ ಸದ್ದು ಒರೆಸುವುದು), ಆಟೊ ಗೇನ್ (ಮಟ್ಟವನ್ನು ತಾನಾಗಿ ಏರಿಳಿಸುವುದು) ಎರಡನ್ನೂ ಆಫ್ ಮಾಡಿ. ಫೋನಿನ ಜೊತೆ ಬಂದ ಆ್ಯಪ್‌ನಲ್ಲಿ ಈ ಆಯ್ಕೆ ಇಲ್ಲದಿದ್ದರೆ, ಗೇನ್ ಅನ್ನು ಕೈಯಿಂದ ಹೊಂದಿಸಲು ಬಿಡುವ ಬೇರೆ ರೆಕಾರ್ಡರ್ ಹಾಕಿಕೊಳ್ಳಿ. ಕಡತದ ಮಾದರಿ ದನಿಯನ್ನು ಹಿಂಡದ ‘ವೇವ್’ (WAV) ಇರಲಿ. ಐಫೋನಿನ ವಾಯ್ಸ್ ಮೆಮೋಸ್‌ನಲ್ಲಿ ಗುಣಮಟ್ಟವನ್ನು ‘ಲಾಸ್‌ಲೆಸ್’ಗೆ ಬದಲಿಸಿ. 16 ಬಿಟ್, 44.1 ಕಿಲೋಹರ್ಟ್ಸ್, ಮೊನೊ ವೇವ್‌ಗೆ ನಿಮಿಷಕ್ಕೆ 5 ಎಂಬಿಗಿಂತ ತುಸು ಹೆಚ್ಚು ಬೇಕು, ಮೂರು ಗಂಟೆಯ ತಾಳಮದ್ದಳೆಗೆ ಹತ್ತಿರಹತ್ತಿರ 1 ಜಿಬಿ. ಸ್ಟೀರಿಯೊ ಆದರೆ ಅದರ ಎರಡರಷ್ಟು. ಹೊರಡುವ ಮೊದಲು ಅಷ್ಟು ಜಾಗ ಖಾಲಿ ಮಾಡಿಕೊಳ್ಳಿ. ನಡುರಾತ್ರಿ ಸಂಧಾನದ ಪ್ರಸಂಗ ಕಳೆಕಟ್ಟುವ ಹೊತ್ತಿಗೇ ‘ಸ್ಟೋರೇಜ್ ಫುಲ್’ ಎನ್ನುವುದು ಫೋನಿನ ಜಾಯಮಾನ.

ಮಟ್ಟ ಹೊಂದಿಸುವುದು ಹೀಗೆ: ಶುರುವಿನಲ್ಲಿ ಚಂಡೆ ಅತಿ ಜೋರಾಗಿ ನುಡಿದಾಗ ಮೀಟರ್ ಮೈನಸ್ 12 ಡೆಸಿಬೆಲ್ ಸುತ್ತ ನಿಲ್ಲಬೇಕು. ಪದ ಮೆಲ್ಲಗಾಯಿತು ಎನಿಸುತ್ತದೆ, ಚಿಂತೆಯಿಲ್ಲ. ಮೆಲ್ಲಗಿದ್ದುದನ್ನು ಮನೆಯಲ್ಲಿ ಏರಿಸಬಹುದು. ಒಡೆದುಹೋದ ದನಿಯನ್ನು ಯಾವ ಆ್ಯಪೂ ಕೂಡಿಸಲಾರದು.

ಜಾಗ ಇದಕ್ಕಿಂತ ಮುಖ್ಯ. ಫೋನಿನ ಮುಖ್ಯ ಮೈಕ್ ಇರುವುದು ಕೆಳಅಂಚಿನಲ್ಲಿ, ಚಾರ್ಜಿಂಗ್ ತೂತಿನ ಪಕ್ಕ. ಅರ್ಧ ಜನ ಅದನ್ನು ಅಂಗೈಯಿಂದ ಮುಚ್ಚಿಕೊಂಡೇ ರೆಕಾರ್ಡ್ ಮಾಡುತ್ತಾರೆ. ಕೆಳಅಂಚು ಹಿಮ್ಮೇಳದ ಕಡೆಗೆ, ಭಾಗವತರಿಂದ 3–4 ಮೀಟರ್ ದೂರ, ಚಂಡೆಯ ನೇರ ಎದುರಿಗಲ್ಲದೆ ಓರೆಯಾಗಿ. ಮಡಚಿದ ಟವೆಲ್ ಮೇಲೆ ಇಡಿ, ಇಲ್ಲದಿದ್ದರೆ ಅಟ್ಟಣಿಗೆಯ ಮೇಲೆ ಹೆಜ್ಜೆ ಬಿದ್ದಾಗಲೆಲ್ಲ ದಡ್ ದಡ್ ಎನ್ನುತ್ತದೆ. ಧ್ವನಿವರ್ಧಕದ ಹತ್ತಿರ ಮಾತ್ರ ಬೇಡ. ಏರೋಪ್ಲೇನ್ ಮೋಡ್ ಹಾಕಿ. ಇದು ಕರೆ ಬಂದು ರೆಕಾರ್ಡಿಂಗ್ ತುಂಡಾಗದಿರಲು. ನಡುವೆ ನಿಮ್ಮ ಕೈ ಫೋನಿಗೆ ಹೋಗದಂತೆ ತಡೆಯುವುದು ಅದರ ಉಪಲಾಭ.

ಕಡತದ ಹೆಸರು ವರ್ಷ, ತಿಂಗಳು, ದಿನ, ಊರು, ಪ್ರಸಂಗ ಈ ಕ್ರಮದಲ್ಲಿರಲಿ. ಆಗ ಅವು ತಾವಾಗಿ ಸಾಲಿನಲ್ಲಿ ನಿಲ್ಲುತ್ತವೆ. ಯಾರು ಭಾಗವತರು, ಯಾರು ಮದ್ದಳೆ, ಯಾರ ಅರ್ಥಗಾರಿಕೆ ಎಂಬುದನ್ನು ರೆಕಾರ್ಡಿಂಗ್‌ನ ಮೊದಲ ಅರ್ಧ ನಿಮಿಷದಲ್ಲಿ ನೀವೇ ಹೇಳಿಬಿಡಿ. ಚೀಟಿ ಕಳೆಯುತ್ತದೆ, ದನಿ ಕಳೆಯುವುದಿಲ್ಲ. ಹಂಚಿಕೊಳ್ಳುವುದು ಬೇರೆ ವಿಚಾರ. 1957ರ ಕೃತಿಸ್ವಾಮ್ಯ ಕಾಯ್ದೆಯ 38ನೇ ಕಲಮಿನ ಪ್ರಕಾರ ಪ್ರದರ್ಶನದ ಮೇಲೆ ಕಲಾವಿದರಿಗೆ ಹಕ್ಕಿದೆ. ಹಳೆಯ ಪ್ರಸಂಗ ಬರೆದವರು ತೀರಿಕೊಂಡು 60 ವರ್ಷ ದಾಟಿದ್ದರೆ ಸಾಹಿತ್ಯ ಮುಕ್ತ, ಆದರೆ ನಿನ್ನೆ ಹಾಡಿದ ಭಾಗವತರ ಹಾಡಿಕೆ ಅವರದೇ. ಚೌಕಿಗೆ (ಕಲಾವಿದರು ವೇಷ ಕಟ್ಟುವ ಜಾಗ) ಹೋಗಿ ಕೇಳಿ. ಕೂಡಿಡಲಿಕ್ಕೆ ಎಂದರೆ ಸಾಮಾನ್ಯವಾಗಿ ಒಪ್ಪುತ್ತಾರೆ, ಯೂಟ್ಯೂಬಿಗೆ ಎಂದರೆ ಒಪ್ಪದಿರಬಹುದು. ಎರಡನ್ನೂ ಬೇರೆಬೇರೆಯಾಗಿ ಕೇಳಿ.

ಪ್ರಶ್ನೆ: ಹನ್ನೊಂದು ವರ್ಷದ ಮಾಣಿ. ರಜೆ ಬಂದರೆ ಫೋನೇ ಪ್ರಪಂಚ. ಕಸಿದುಕೊಂಡರೆ ಊಟ ಬಿಡುತ್ತಾನೆ. (ತಾಯಿ, ಸಿದ್ದಾಪುರ)

ಕಸಿಯಬೇಡಿ, ಅದೇ ಫೋನಿನಲ್ಲಿ ಅಡಿಕೆಯನ್ನು ನಡೆಸಲು ಹೇಳಿ. ಸ್ಟಾಪ್ ಮೋಶನ್ ಎನ್ನುತ್ತಾರೆ: ವಸ್ತುವನ್ನು ಚೂರು ಸರಿಸಿ ಒಂದು ಫೋಟೊ, ಮತ್ತೆ ಚೂರು ಸರಿಸಿ ಇನ್ನೊಂದು. ಸೆಕೆಂಡಿಗೆ 12 ಫೋಟೊ ಓಡಿಸಿದರೆ ಅದು ತಾನಾಗಿ ನಡೆದಂತೆ ಕಾಣುತ್ತದೆ. ಹತ್ತು ಸೆಕೆಂಡಿನ ಸಿನಿಮಾಕ್ಕೆ 120 ಫೋಟೊ, ಮಗುವಿಗೆ ಎರಡು ತಾಸಿನ ಕೆಲಸ. ‘ಸ್ಟಾಪ್ ಮೋಶನ್ ಸ್ಟುಡಿಯೊ’ ಆ್ಯಪ್‌ನ ಉಚಿತ ಆವೃತ್ತಿ ಸಾಕು. ಹಿಂದಿನ ಚಿತ್ರವನ್ನು ನೆರಳಿನಂತೆ ತೋರಿಸುವ ಸೌಲಭ್ಯ ಅದರಲ್ಲಿದೆ, ಎಷ್ಟು ಸರಿಸಿದೆ ಎಂಬುದು ಅದರಿಂದ ಗೊತ್ತಾಗುತ್ತದೆ.

ಕಥೆ ಚಿಕ್ಕದಿರಲಿ. ಚಾಲಿ ಅಡಿಕೆಯೊಂದು ಉರುಳಿಕೊಂಡು ಬಂದು ಹಾಳೆಯ ದೋಣಿ ಹತ್ತಿ ಹೋಗುತ್ತದೆ, ಅಷ್ಟೇ. 30 ಸೆಂಟಿಮೀಟರ್ ದಾರಿಯನ್ನು ಐದೈದು ಮಿಲಿಮೀಟರ್ ಸರಿಸಿದರೆ 60 ಫೋಟೊ, ಅಂದರೆ ಐದು ಸೆಕೆಂಡು. ಹೊರಡುವಾಗಲೂ ನಿಲ್ಲುವಾಗಲೂ ನಾಲ್ಕೈದು ಫೋಟೊ ಎರಡೇ ಮಿಲಿಮೀಟರ್ ಸರಿಸಲಿ. ಇಲ್ಲದಿದ್ದರೆ ಅಡಿಕೆ ಕಲ್ಲೆಸೆದಂತೆ ಹೊರಟು ಗೋಡೆಗೆ ಹೊಡೆದಂತೆ ನಿಲ್ಲುತ್ತದೆ. ಸ್ಕೇಲನ್ನು ಪಕ್ಕದಲ್ಲಿ, ಚಿತ್ರದ ಹೊರಗೆ ಅಂಟಿಸಿಟ್ಟರೆ ಲೆಕ್ಕ ಸುಲಭ.

ಕೆಡುವುದು ಸಾಮಾನ್ಯವಾಗಿ ಎರಡು ಕಡೆ. ಒಂದು, ಚಿತ್ರ ಮಿಣಮಿಣ ಎನ್ನುತ್ತದೆ. ಮಳೆಗಾಲದ ಕಿಟಕಿಬೆಳಕು ಮೋಡ ಬಂದಂತೆಲ್ಲ ಬದಲಾಗುತ್ತದೆ, ಫೋನು ಪ್ರತಿ ಫೋಟೊಕ್ಕೂ ಬೆಳಕನ್ನು ಹೊಸದಾಗಿ ಅಳೆಯುತ್ತದೆ. ಕಿಟಕಿಗೆ ಕಂಬಳಿ ಹಾಕಿ, ಒಂದೇ ಬಲ್ಬಿನಲ್ಲಿ ತೆಗೆಯಲಿ. ಪರದೆಯ ಮೇಲೆ ಬೆರಳು ಒತ್ತಿಹಿಡಿದು ಬೆಳಕು, ಫೋಕಸ್ ಎರಡನ್ನೂ ಲಾಕ್ ಮಾಡಲಿ. ಕಪ್ಪುಪಟ್ಟೆ ಹಾಯ್ದರೆ ಅದು ಬಲ್ಬಿನ ತಪ್ಪು. ನಮ್ಮ ಕರೆಂಟು 50 ಹರ್ಟ್ಸ್‌ನದು, ಅಗ್ಗದ ಎಲ್‌ಇಡಿ ಸೆಕೆಂಡಿಗೆ ನೂರು ಸಲ ಮಿನುಗುತ್ತದೆ. ಬೇರೆ ಬಲ್ಬು ಹಾಕಿ ನೋಡಿ. ಎರಡು, ಒತ್ತುವಾಗ ಫೋನೇ ಅಲುಗುತ್ತದೆ. ವಯರಿನ ಇಯರ್‌ಫೋನ್ ಇದ್ದರೆ ಅದರ ವಾಲ್ಯೂಮ್ ಗುಂಡಿ ಹೆಚ್ಚಿನ ಫೋನುಗಳಲ್ಲಿ ಕ್ಯಾಮೆರಾದ ಗುಂಡಿಯಾಗಿ ಕೆಲಸ ಮಾಡುತ್ತದೆ. ಫೋನನ್ನು ಎರಡು ದಪ್ಪ ಪುಸ್ತಕಗಳ ನಡುವೆ ಸಿಕ್ಕಿಸಿ, ಪುಸ್ತಕದ ಸುತ್ತ ಮೇಜಿನ ಮೇಲೆ ಸೀಮೆಸುಣ್ಣದ ಗೆರೆ ಎಳೆದಿಡಿ.

ನಡುವೆ ಆಟಕ್ಕೆ ಜಾರದಂತೆ ಆಂಡ್ರಾಯ್ಡ್‌ನ ‘ಆ್ಯಪ್ ಪಿನ್ನಿಂಗ್’, ಐಫೋನಿನ ‘ಗೈಡೆಡ್ ಆ್ಯಕ್ಸೆಸ್’ ಬಳಸಿ. ಪಿನ್ ಕೇಳುವ ಆಯ್ಕೆ ಹಾಕಿಟ್ಟರೆ ನಿಮ್ಮ ಪಿನ್ ಇಲ್ಲದೆ ಆ ಆ್ಯಪ್‌ನಿಂದ ಹೊರಬರಲಾಗುವುದಿಲ್ಲ. ‘ಸಿನಿಮಾ ಮಾಡಿದರೆ ಅರ್ಧ ತಾಸು ಗೇಮ್’ ಎಂಬ ಚೌಕಾಸಿ ಮಾತ್ರ ಬೇಡವೇ ಬೇಡ. ಸಿನಿಮಾ ಶಿಕ್ಷೆ, ಗೇಮ್ ಬಹುಮಾನ ಎಂದು ನೀವೇ ಕಲಿಸಿಕೊಟ್ಟಂತಾಗುತ್ತದೆ.

ಪ್ರಶ್ನೆ: ಆಯಿ ಮಾಡುವ ತೊಡದೇವು (ಕವುಚಿದ ಮಡಕೆಯ ಬೆನ್ನಿನ ಮೇಲೆ ಎಳೆಯುವ, ಕಬ್ಬಿನ ಹಾಲಿನ ತೆಳು ಸಿಹಿತಿಂಡಿ) ನಮ್ಮ ತಲೆಮಾರಿಗೆ ಬರಲಿಲ್ಲ. ಮುಂದಿನ ಆಲೆಮನೆ ಹೊತ್ತಿಗೆ ವಿಡಿಯೊ ಮಾಡಿಡೋಣ ಎಂದಿದ್ದೇವೆ. ಕಳೆದ ಸಲದ್ದು ಬರೀ ಹೊಗೆ. ಆಯಿಯನ್ನು ಅಳತೆ ಕೇಳಿದರೆ ‘ಅಂದಾಜು’ ಎನ್ನುತ್ತಾಳೆ. (ಇಬ್ಬರು ಅಕ್ಕತಂಗಿಯರು, ಶಿರಸಿ ತಾಲೂಕು)

‘ಅಂದಾಜು’ ಎನ್ನುವುದು ನಿಜವಾದ ಉತ್ತರವೇ, ಆಯಿಯ ಅಳತೆ ಇರುವುದು ಕೈಯಲ್ಲಿ. ಅವಳನ್ನು ಕೇಳಬೇಡಿ, ಪಾತ್ರೆಯನ್ನು ತೂಗಿ. ಒಂದು ಗ್ರಾಂವರೆಗೆ ತೋರಿಸುವ ಅಡುಗೆ ತಕ್ಕಡಿ ಸಾಕು. ರುಬ್ಬಿದ ಅಕ್ಕಿಹಿಟ್ಟಿನ ಪಾತ್ರೆಯನ್ನು ಅವಳು ತೆಗೆದುಕೊಳ್ಳುವ ಮೊದಲೊಮ್ಮೆ, ಆಮೇಲೊಮ್ಮೆ ತೂಗಿ. ವ್ಯತ್ಯಾಸವೇ ಅವಳ ಅಂದಾಜು. ಕಬ್ಬಿನ ಹಾಲಿಗೂ ಹೀಗೇ ಮಾಡಿ, ಲೀಟರಿನಲ್ಲಿ ಬೇಡ. ಸಕ್ಕರೆ ಇರುವುದರಿಂದ ಅದು ನೀರಿಗಿಂತ ತೂಕ, ಸಿಹಿ ಹೆಚ್ಚಿದಷ್ಟೂ ಇನ್ನೂ ತೂಕ. ತಕ್ಕಡಿಯ ಅಂಕಿಯನ್ನು ಬರೆದುಕೊಳ್ಳಲು ಓಡಾಡಬೇಡಿ, ಪ್ರತಿಸಲ ಒಂದು ಫೋಟೊ ಹೊಡೆಯಿರಿ. ಸಮಯ ಅದರಲ್ಲೇ ದಾಖಲಾಗಿರುತ್ತದೆ. ಹಿಟ್ಟಿನ ಹದಕ್ಕೆ ತೂಕ ಸಾಲದು: ಸೌಟಿನಿಂದ ಹಿಟ್ಟು ಇಳಿಯುವುದನ್ನು ಹತ್ತು ಸೆಕೆಂಡು ಹತ್ತಿರದಿಂದ ಚಿತ್ರಿಸಿ. ಅವಳು ‘ಸ್ವಲ್ಪ ದಪ್ಪ ಆತು’ ಎಂದು ಇನ್ನಷ್ಟು ಹಾಲು ಸೇರಿಸಿದರೆ ಮೊದಲಿನದ್ದು, ಆಮೇಲಿನದ್ದು ಎರಡನ್ನೂ. ಮುಂದಿನವರಿಗೆ ಕಲಿಸುವುದು ಈ ಎರಡು ತುಣುಕುಗಳೇ, ಉಳಿದದ್ದೆಲ್ಲ ಅಲಂಕಾರ.

ಇನ್ನು ಹೊಗೆ. ಮಡಕೆಯ ನೇರ ಮೇಲಿಂದ ತೆಗೆಯಲು ಹೋಗಿರುತ್ತೀರಿ. ಆವಿ ಮಸೂರಕ್ಕೇ ಬರುತ್ತದೆ, ಫೋನೂ ಕಾಯುತ್ತದೆ. ಐಫೋನನ್ನು 35 ಡಿಗ್ರಿಗಿಂತ ಹೆಚ್ಚಿನ ಬಿಸಿಯಲ್ಲಿ ಬಳಸಬಾರದೆಂದು ತಯಾರಕರೇ ಹೇಳುತ್ತಾರೆ, ಕಟ್ಟಿಗೆ ಒಲೆಯ ಮಗ್ಗುಲು ಅದಕ್ಕಿಂತ ಎಷ್ಟೋ ಬಿಸಿ. ಪರದೆ ಮಂಕಾಗುತ್ತದೆ, ಆಮೇಲೆ ರೆಕಾರ್ಡಿಂಗೇ ನಿಲ್ಲುತ್ತದೆ. ಒಂದೂವರೆ ಮೀಟರ್ ದೂರ, ಗಾಳಿ ಬರುವ ದಿಕ್ಕಿನಲ್ಲಿ, ಆಯಿಯ ಎದೆಯ ಎತ್ತರಕ್ಕೆ ಫೋನನ್ನು ನಿಲ್ಲಿಸಿ. ಟ್ರೈಪಾಡ್ ಇಲ್ಲದಿದ್ದರೆ ಅಕ್ಕಿ ತುಂಬಿದ ಸ್ಟೀಲ್ ಡಬ್ಬಿಗೆ ರಬ್ಬರ್‌ಬ್ಯಾಂಡ್ ಹಾಕಿ ಕಟ್ಟಿದರೂ ಆಯಿತು. ಎಡಗೈ, ಬಲಗೈ ಎರಡೂ ಕಾಣಬೇಕು, ಬಟ್ಟೆಯಿಂದ ಹಿಟ್ಟು ಎಳೆಯುವ ವೇಗವೂ ಕಾಣಬೇಕು.

ಬೆಂಕಿಯ ಉರಿ ಏಳುಬೀಳಾದಂತೆ ಚಿತ್ರವೂ ಬೆಳಗಿ ಕಪ್ಪಾಗುತ್ತದೆ. ಮಡಕೆಯ ಬೆನ್ನಿನ ಮೇಲೆ ಬೆರಳು ಒತ್ತಿಹಿಡಿದು ಲಾಕ್ ಮಾಡಿ. ಎಲ್ಲಕ್ಕಿಂತ ಮೊದಲು ಮಸೂರವನ್ನು ಹತ್ತಿಬಟ್ಟೆಯಿಂದ ಒರೆಸಿ. ಅಡುಗೆಮನೆಯ ವಿಡಿಯೊಗಳು ಮಬ್ಬಾಗಲು ಹೊಗೆಗಿಂತ ತುಪ್ಪದ ಬೆರಳು ಹೆಚ್ಚು ಕಾರಣ. 4ಕೆ ಬೇಡ. 1080ಪಿ ಆದರೆ ಐಫೋನಿನಲ್ಲಿ ನಿಮಿಷಕ್ಕೆ ಸುಮಾರು 60 ಎಂಬಿ, 4ಕೆ ಆದರೆ ಅದರ ಮೂರರಷ್ಟು ಹತ್ತಿರ.

ಮುಗಿದ ಮೇಲೆ ವಾಟ್ಸ್ಆ್ಯಪ್‌ನಲ್ಲಿ ತಂಗಿಗೆ ಕಳಿಸಿ ಮೂಲವನ್ನು ಅಳಿಸುವ ತಪ್ಪು ಮಾಡಬೇಡಿ. ವಿಡಿಯೊ ಎಂದು ಕಳಿಸಿದರೆ ಅದು ಹಿಂಡಿ ಸಣ್ಣದು ಮಾಡಿ ಕಳಿಸುತ್ತದೆ. ‘ಡಾಕ್ಯುಮೆಂಟ್’ ಎಂದು ಕಳಿಸಿದರೆ ಇದ್ದದ್ದು ಇದ್ದಂತೆ ಹೋಗುತ್ತದೆ. ಗೂಗಲ್ ಖಾತೆಯ ಉಚಿತ 15 ಜಿಬಿಯಲ್ಲಿ ಒಂದು ಪ್ರತಿ, ಪೆನ್‌ಡ್ರೈವಿನಲ್ಲಿ ಇನ್ನೊಂದು.

ಪ್ರಶ್ನೆ: ಹಕ್ಕಿಯ ಕೂಗಿನಿಂದ ಹೆಸರು ಹೇಳುವ ಆ್ಯಪ್ ನಂಬಬಹುದೇ? ನಮ್ಮಲ್ಲಿ ನೆಟ್‌ವರ್ಕ್ ಬೇಕೆಂದರೆ ಗುಡ್ಡ ಹತ್ತಬೇಕು. (ನಿವೃತ್ತ ನೌಕರರು, ಯಲ್ಲಾಪುರ)

ಕಾರ್ನೆಲ್ ಪಕ್ಷಿ ಪ್ರಯೋಗಾಲಯದ ‘ಮರ್ಲಿನ್’ ಉಚಿತ. ಪೇಟೆಗೆ ಹೋದಾಗ ಭಾರತದ ಹಕ್ಕಿಗಳ ಕಟ್ಟನ್ನು ಒಮ್ಮೆ ಇಳಿಸಿಕೊಂಡರೆ ಆಮೇಲೆ ನೆಟ್‌ವರ್ಕ್ ಬೇಡ. ನಂಬಿಕೆ ಮುಕ್ಕಾಲು ಪಾಲು ಇಡಿ. ನಮ್ಮ ಕಾಡಿನಲ್ಲಿ ಅದನ್ನು ಏಮಾರಿಸುವ ಹಕ್ಕಿಯೊಂದಿದೆ: ಬಾಲದ ತುದಿಗೆ ಎರಡು ಚಮಚ ತೂಗುಹಾಕಿಕೊಂಡಂತಿರುವ ಭೀಮರಾಜ. ಅದು ಹತ್ತು ಹಕ್ಕಿಗಳ ದನಿ ತೆಗೆಯುತ್ತದೆ. ಒಂದೇ ಮರದಿಂದ ಒಂದೇ ನಿಮಿಷದಲ್ಲಿ ಐದಾರು ಹೆಸರು ಬಂದರೆ ಮೊದಲು ಭೀಮರಾಜನನ್ನು ಹುಡುಕಿ. ಕಂಡದ್ದನ್ನೂ ಕೇಳಿದ್ದನ್ನೂ ಸೇರಿಸಿ ಬರೆದರೆ ಮಾತ್ರ ದಾಖಲೆ.

ಗಿಡ, ಚಿಟ್ಟೆ, ಕಪ್ಪೆಗಳಿಗೆ ‘ಐನ್ಯಾಚುರಲಿಸ್ಟ್’ ಒಳ್ಳೆಯದು. ಕಾಡಿನಲ್ಲಿ ಫೋಟೊ ಉಳಿಸಿಕೊಂಡು ಮನೆಗೆ ಬಂದು ಏರಿಸಬಹುದು. ಗಿಡವಾದರೆ ಎಲೆಯ ಎರಡೂ ಬದಿ, ತೊಗಟೆ, ಹೂವೋ ಕಾಯೋ ಇರುವ ಟೊಂಗೆ, ಪಕ್ಕದಲ್ಲೊಂದು ನಾಣ್ಯ. ಒಂದೇ ಎಲೆಯ ಚಂದದ ಫೋಟೊದಿಂದ ಯಾರೂ ಹೆಸರು ಹೇಳಲಾರರು. ಅಳಿವಿನಂಚಿನ ಜೀವಿಗಳ ಜಾಗವನ್ನು ಅದು ತಾನೇ ಸುಮಾರು 22 ಕಿಲೋಮೀಟರ್ ಚೌಕದೊಳಗೆ ಎಲ್ಲೋ ಎಂದು ಮಸುಕು ಮಾಡುತ್ತದೆ. ಆದರೆ ನೀವು ಅದೇ ಫೋಟೊವನ್ನು ಊರ ಗುಂಪಿಗೆ ‘ಇಂಥವರ ತೋಟದ ಮೇಲಿನ ಮರ’ ಎಂದು ಕಳಿಸಿದರೆ ಮಸುಕಿಗೆ ಅರ್ಥವಿಲ್ಲ. ಮಂಗಟ್ಟೆಯ ಗೂಡಿನ ಚಿತ್ರವನ್ನಂತೂ ಎಲ್ಲಿಗೂ ಕಳಿಸಬೇಡಿ. ಹೆಣ್ಣು ಪೊಟರೆಯೊಳಗೆ ತನ್ನನ್ನು ತಾನೇ ಮುಚ್ಚಿಕೊಂಡು ಕೂತಿರುತ್ತದೆ. ಜನ ಸೇರಿದರೆ ಗಂಡು ಆಹಾರ ತರಲು ಹಿಂಜರಿಯುತ್ತದೆ.

ಪ್ರಶ್ನೆ: ಚಿತ್ರ ಬಿಡಿಸಿ ಇನ್‌ಸ್ಟಾಗ್ರಾಂಗೆ ಹಾಕುತ್ತೇನೆ. ಈಗ ಬಿಡಿಸುವುದಕ್ಕಿಂತ ಲೈಕ್ ಎಣಿಸುವುದೇ ಹೆಚ್ಚಾಗಿದೆ. (ಕಾಲೇಜು ವಿದ್ಯಾರ್ಥಿನಿ, ಕುಮಟಾ)

ಬಿಡಿಸುವ ದಿನ, ಹಾಕುವ ದಿನ ಬೇರೆ ಮಾಡಿ. ಆರು ದಿನ ಬಿಡಿಸಿದ್ದನ್ನು ಫೋಲ್ಡರಿನಲ್ಲಿ ಕೂಡಿಟ್ಟು ಭಾನುವಾರ ಸಂಜೆ ಕಂಪ್ಯೂಟರಿನಿಂದ ಹಾಕಿ. ಲೈಕ್ ಸಂಖ್ಯೆಯನ್ನು ಮರೆಮಾಡುವ ಆಯ್ಕೆ 2021ರಿಂದ ಇದೆ. ಪೋಸ್ಟಿನ ಮೂರು ಚುಕ್ಕೆ ಒತ್ತಿದರೆ ಸಿಗುತ್ತದೆ. ಅದರಿಂದ ಸಂಖ್ಯೆ ಇತರರಿಗೆ ಕಾಣುವುದಿಲ್ಲ, ನಿಮಗೆ ಹುಡುಕಿದರೆ ಸಿಗುತ್ತದೆ, ಹಾಗಾಗಿ ಲೈಕಿನ ನೋಟಿಫಿಕೇಶನನ್ನೂ ಆರಿಸಬೇಕು. ಟೀಕೆ ಬೇಕಿದ್ದರೆ ಚಿತ್ರ ಬಲ್ಲ ಇಬ್ಬರಿಗೆ ನೇರ ಕಳಿಸಿ.

ಪ್ರಶ್ನೆ: ಕೋಡಿಬಾಗದಲ್ಲಿ ಕಾಳಿ ಕಡಲು ಸೇರುವಲ್ಲಿ ಉಬ್ಬರ ಏರುವುದನ್ನು ಟೈಮ್‌ಲ್ಯಾಪ್ಸ್ ಮಾಡಬೇಕು. ಮಾಡಿದ್ದು ಎರಡೇ ಸೆಕೆಂಡಿಗೆ ಮುಗಿಯಿತು. ಜೊತೆಗೆ, ಫೋನು ಉಪ್ಪುನೀರಿಗೆ ಬಿದ್ದರೆ ಅಕ್ಕಿಯಲ್ಲಿ ಹೂತಿಡಬೇಕೇ? (ದೋಣಿ ಕೆಲಸದವರು, ಕಾರವಾರ)

ಲೆಕ್ಕ ಹಿಂದಿನಿಂದ ಹಾಕಿ. 20 ಸೆಕೆಂಡಿನ ವಿಡಿಯೊ ಬೇಕು, ಸೆಕೆಂಡಿಗೆ 30 ಚಿತ್ರ, ಒಟ್ಟು 600 ಚಿತ್ರ. ಇಳಿತದಿಂದ ಉಬ್ಬರಕ್ಕೆ ಸುಮಾರು 6 ಗಂಟೆ 12 ನಿಮಿಷ, ಅಂದರೆ 22,320 ಸೆಕೆಂಡು. ಅದನ್ನು 600ರಿಂದ ಭಾಗಿಸಿದರೆ 37 ಸೆಕೆಂಡಿಗೊಂದು ಚಿತ್ರ. 30 ಸೆಕೆಂಡಿಗೊಂದು ಎಂದಿಟ್ಟುಕೊಳ್ಳಿ, ಸುಮಾರು 25 ಸೆಕೆಂಡಿನ ವಿಡಿಯೊ ಬರುತ್ತದೆ. ಬರೀ ಸೂರ್ಯಾಸ್ತವಾದರೆ 3 ಸೆಕೆಂಡಿಗೊಂದರಂತೆ ಅರ್ಧ ಗಂಟೆ ಸಾಕು. ಫೋನಿನ ಸ್ವಂತ ಟೈಮ್‌ಲ್ಯಾಪ್ಸ್ ಎಷ್ಟೋ ಫೋನುಗಳಲ್ಲಿ ಅಂತರವನ್ನು ತಾನೇ ನಿರ್ಧರಿಸುತ್ತದೆ, ನಿಮಗೆ ಹಿಡಿತವಿಲ್ಲ. ಆಂಡ್ರಾಯ್ಡ್‌ಗೆ ‘ಓಪನ್ ಕ್ಯಾಮೆರಾ’ ಉಚಿತವಿದೆ, ಅದರ ರಿಪೀಟ್ ಸೌಲಭ್ಯದಲ್ಲಿ ಅಂತರವನ್ನು ನೀವೇ ಕೊಡಬಹುದು. ಇಂದು ಬೆಳಕು ಸರಿಹೋಗದಿದ್ದರೆ ನಾಳೆ ಇದೇ ಉಬ್ಬರ ಸುಮಾರು 50 ನಿಮಿಷ ತಡವಾಗಿ ಬರುತ್ತದೆ, ಅದಕ್ಕೆ ತಕ್ಕಂತೆ ಹೋಗಿ. ಚಿತ್ರದಲ್ಲಿ ಅಲುಗದ ವಸ್ತುವೊಂದು ಇರಲಿ: ಬಂಡೆ, ಕಂಬ, ಕಟ್ಟಿದ ದೋಣಿಯ ಗೂಟ. ಇಲ್ಲದಿದ್ದರೆ ನೀರು ಏರಿದ್ದೇ ಗೊತ್ತಾಗುವುದಿಲ್ಲ.

ಆರು ಗಂಟೆ ಬಿಸಿಲಿಗೆ ಫೋನು ನಿಲ್ಲುವುದಿಲ್ಲ, ಬೆನ್ನಿಗೆ ರಟ್ಟಿನ ನೆರಳು ಬೇಕು. ಪವರ್ ಬ್ಯಾಂಕ್ ಬೇಕು, ಟ್ರೈಪಾಡಿಗೆ ಮರಳಚೀಲ ಕಟ್ಟಬೇಕು. ಗಂಟೆಗೊಮ್ಮೆ ಮಸೂರದ ಮೇಲೆ ಉಪ್ಪಿನ ತುಂತುರು ಕೂತಿದೆಯೇ ನೋಡಿ. ಒಣ ಬಟ್ಟೆಯಲ್ಲಿ ಉಜ್ಜಿದರೆ ಉಪ್ಪಿನ ಹರಳು ಗೀರು ಹಾಕುತ್ತದೆ. ಮೊದಲು ಸಿಹಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆ, ಆಮೇಲೆ ಒಣ ಬಟ್ಟೆ. ನಿಮ್ಮ ಊರಿಗೇ ಸೇರಿದ ಇನ್ನೊಂದು ಮಾತು: ನೌಕಾನೆಲೆಯ ಕಡೆಗೆ ಕ್ಯಾಮೆರಾ ಮುಖ ಮಾಡಿ ನಿಲ್ಲಿಸಬೇಡಿ. ಛಾಯಾಗ್ರಹಣ ನಿಷೇಧದ ಫಲಕ ಕಂಡಲ್ಲಿಂದ ಜಾಗ ಬದಲಿಸಿ.

ಅಕ್ಕಿ ಬೇಡ. ಅಕ್ಕಿಯ ಚೂರು, ಪುಡಿ ತೂತುಗಳೊಳಗೆ ಹೋಗಿ ಹಾನಿ ಮಾಡುತ್ತದೆಂದು 2024ರಲ್ಲಿ ಆ್ಯಪಲ್ ಕಂಪನಿಯೇ ಹೇಳಿತು. ಫೋನು ನೀರನ್ನು ಎಷ್ಟು ತಡೆಯುತ್ತದೆಂದು ಹೇಳುವ, ಪೆಟ್ಟಿಗೆಯ ಮೇಲಿನ ಐಪಿ67, ಐಪಿ68 ಅಂಕಿಗಳು ಸಿಹಿನೀರಿನ ಪರೀಕ್ಷೆಯವು, ಕಡಲಿನವಲ್ಲ. ಬಿದ್ದರೆ ಕೂಡಲೇ ಆರಿಸಿ. ಕೆಲಸ ಮಾಡುತ್ತದೆಯೇ ಎಂದು ನೋಡಲು ಮತ್ತೆ ಹಚ್ಚಬೇಡಿ, ಚಾರ್ಜಿಗೆ ಹಾಕಲೇಬೇಡಿ. ಉಪ್ಪುನೀರು, ಕರೆಂಟು ಸೇರಿದರೆ ಒಳಗಿನ ತಾಮ್ರ ಗಂಟೆಗಳಲ್ಲಿ ಹಸಿರುಗಟ್ಟುತ್ತದೆ. ಐಪಿ ಅಂಕಿ ಇರುವ ಫೋನಾದರೆ ಹೊರಮೈಯನ್ನು ಸಿಹಿನೀರಿನಲ್ಲಿ ತೊಳೆದು, ತೂತು ಕೆಳಗಾಗಿ ಅಂಗೈಗೆ ಮೆಲ್ಲಗೆ ತಟ್ಟಿ ನೀರು ಇಳಿಸಿ ಫ್ಯಾನಿನ ಎದುರು ಇಡಿ. ಅಂಕಿ ಇಲ್ಲದ್ದಾದರೆ ತೊಳೆಯಲು ಹೋಗಬೇಡಿ. ಸಿಮ್ ತಟ್ಟೆ ಎಳೆದು, ಅದೇ ದಿನ ಬಿಚ್ಚಿ ಒಳಗೆ ಶುಚಿ ಮಾಡುವವರ ಬಳಿ ಒಯ್ಯಿರಿ. ದೋಣಿಯಲ್ಲಿ ಪಾರದರ್ಶಕ ಜಿಪ್ ಚೀಲದೊಳಗಿಟ್ಟೇ ಫೋಟೊ ತೆಗೆಯುವುದಾದರೆ ಒಂದು ಸೂಚನೆ: ನೀರು ಕೂತ ಪರದೆ ಬೆರಳನ್ನು ಗುರುತಿಸುವುದಿಲ್ಲ, ವಾಲ್ಯೂಮ್ ಗುಂಡಿಯಿಂದ ಕ್ಲಿಕ್ಕಿಸಿ.